ಹೊಳೆಗುಂಟ ಹತ್ತಿದ ಮನೆ

ಸಾಣಿಕಟ್ಟಾದಲ್ಲಿ ಮೊದಲು ಬೆಳಗಾಗುವುದು ನೆಲಕ್ಕೆ. ಆಕಾಶ ಇನ್ನೂ ಬೂದಿ ಬಣ್ಣದಲ್ಲಿರುವಾಗಲೇ ಆಗರದ ಬದುವಿನ ಮೇಲೆ ರಾಶಿ ಹಾಕಿದ ಉಪ್ಪು ಬೆಳ್ಳಗೆ ಕಾಣತೊಡಗುತ್ತದೆ. ಗಾಡಿಯ ಕಿಟಕಿಯ ಪರದೆ ಸರಿಸಿದಾಗ ನನಗೆ ಕಂಡದ್ದು ಅದೇ, ಕತ್ತಲಲ್ಲಿ ಸಾಲಾಗಿ ಕೂತ ಬಿಳಿ ಗುಪ್ಪೆಗಳು. ಅದರಾಚೆ ಅಘನಾಶಿನಿ ಸಮುದ್ರಕ್ಕೆ ಸೇರುವ ಹಿನ್ನೀರು. ನಮ್ಮ ಯಜಮಾನರು, ಇವರು, ಆಗಲೇ ಎದ್ದು, ಒಂದು ಲೋಟ ನೀರಿನಲ್ಲಿ ಮುಖ ತೊಳೆದು, ಉಳಿದ ಗುಟುಕಿನಲ್ಲಿ ಕನ್ನಡಕದ ಗಾಜು ಒರೆಸುತ್ತಿದ್ದರು.

ಒಂದು ಲೋಟ ಎಂದೆನಲ್ಲ, ಲೆಕ್ಕ ಅಷ್ಟು ಬಿಗಿ. ಹಳೆಯ ಟೆಂಪೊ ಟ್ರಾವೆಲರ್ ಒಂದರ ಸೀಟುಗಳನ್ನು ಕೀಳಿಸಿ, ಒಂದು ಮಂಚ, ಎರಡು ಬರ್ನರಿನ ಒಲೆ, ಅಂಗೈಯಗಲದ ಸಿಂಕು, ಹಿಂದೆ ಬೀರುವಿನಷ್ಟು ಬಚ್ಚಲು, ಚಾವಣಿಗೆ ಸೋಲಾರ್ ಹಲಗೆ ಜೋಡಿಸಿಕೊಂಡ ಮನೆ ನಮ್ಮದು. ಮಂಚದ ಕೆಳಗೆ 90 ಲೀಟರಿನ ನೀರಿನ ಟ್ಯಾಂಕು. ಇಬ್ಬರಿಗೆ ಎರಡು ದಿನ ಅದರಲ್ಲೇ ಸಾಗಬೇಕು. ಊರಿನ ಮನೆಯಲ್ಲಿ ಅಷ್ಟು ನೀರು ಬೆಳಿಗ್ಗೆ ಹತ್ತು ಗಂಟೆಯೊಳಗೆ ಮುಗಿದಿರುತ್ತಿತ್ತು. ಗಾಡಿ ಹತ್ತಿದ ಮೇಲೆ ನನಗೆ ಊರುಗಳು ನೆನಪಿರುವುದೇ ನೀರಿನಿಂದ: ಯಾವ ಊರಿನ ನೀರಲ್ಲಿ ಬೇಳೆ ಬೇಗ ಬೇಯುತ್ತದೆ, ಯಾವುದರಲ್ಲಿ ಚಹಾ ಒಗರಾಗುತ್ತದೆ, ಯಾರ ಮನೆಯವರು ಕೇಳಿದ ಕೂಡಲೇ ನಲ್ಲಿಗೆ ಪೈಪು ಸಿಕ್ಕಿಸಿಕೊಟ್ಟರು. ಹಾಗಾಗಿ ಈ ಸಲ ಒಂದು ಹೊಳೆಯನ್ನೇ ಹಿಡಿದು ಹೋಗೋಣ ಎಂದುಕೊಂಡೆವು. ಅಘನಾಶಿನಿ ಶಿರಸಿಯಲ್ಲಿ ಹುಟ್ಟಿ, ಸುಮಾರು 120 ಕಿಲೋಮೀಟರ್ ಹರಿದು, ತದಡಿಯ ಬಳಿ ಸಮುದ್ರ ಸೇರುತ್ತದೆ. ನಡುವೆ ಎಲ್ಲೂ ಅಣೆಕಟ್ಟಿಲ್ಲ. ಅದು ಇಳಿದು ಬಂದ ದಾರಿಗೆ ಎದುರಾಗಿ ಒಂದು ಹಗಲಲ್ಲಿ ಹತ್ತುವುದು ನಮ್ಮ ಯೋಜನೆ.

ಇಳಿತದ ಹೊತ್ತು. ನೀರು ಹಿಂದೆ ಸರಿದಲ್ಲಿ ಕೆಸರಿನ ದಿಬ್ಬಗಳು ಎದ್ದಿದ್ದವು, ಅದರ ಮೇಲೆ ಬಾಗಿದ ಬೆನ್ನುಗಳು. ಮಂಡಿಯವರೆಗಿನ ನೀರಿನಲ್ಲಿ ನಿಂತು ಬಳಚು ಆರಿಸುವವರು, ಪಕ್ಕದಲ್ಲಿ ತೇಲುವ ದೋಣಿ. ಎರಡು ಹೊತ್ತಿನ ಭರತ, ಎರಡು ಹೊತ್ತಿನ ಇಳಿತ, ಇಲ್ಲಿಯ ಗಡಿಯಾರ ಅದೇ. ಸಿಹಿನೀರೂ ಉಪ್ಪುನೀರೂ ಬೆರೆಯುವ ಈ ಅಳಿವೆ 2024ರಲ್ಲಿ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಆಚೆಯ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಉಪ್ಪುನೀರು ನುಗ್ಗಿದರೂ ಕೊಳೆಯದೆ ತಲೆಯೆತ್ತಿ ನಿಲ್ಲುವ ಹುಲ್ಲು ಅದು. ಈಗ ಮಾರ್ಚ್ ಮೊದಲ ವಾರ, ಗದ್ದೆಯಲ್ಲಿ ಬರೀ ನೀರು, ನೀರು ತಡೆಯುವ ಜಂತ್ರಡಿಯ ಹಲಗೆಯ ಮೇಲೆ ಕೂತ ಒಂದು ಬೆಳ್ಳಕ್ಕಿ.

ಆಗರದಲ್ಲಿ ಒಬ್ಬ ಹೆಂಗಸು ಉದ್ದ ಕೋಲಿನ ಹಲಗೆಯಿಂದ ಉಪ್ಪು ಎಳೆಯುತ್ತಿದ್ದಳು. ಪಾತಿಯ ತಳದ ನೀರು ಕದಡದಂತೆ ಮೇಲಿಂದ ಮೆಲ್ಲಗೆ, ಮಗುವಿನ ತಲೆ ಬಾಚಿದ ಹಾಗೆ. ಐದು ಕೆ.ಜಿ. ಸಿಗಬಹುದೇ ಎಂದು ಕೇಳಿದೆ.

"ಐದು ಸಾಕಾ ಅಕ್ಕ? ಮಿಡಿ ಉಪ್ಪಿನಕಾಯಿ ಹಾಕುದಿಲ್ವಾ?"

"ನಮ್ಮಲ್ಲಿ ಮಿಡಿ ಎಲ್ಲಿ ಸಿಗತದ, ತಂಗಿ?"

"ಘಟ್ಟದ ಮೇಲೆ ಹೋಗೂದಲ್ವಾ ನೀವು? ಅಲ್ಲಿಯವ್ರು ಮಿಡಿಗೆ ಇದನ್ನೇ ಕೇಳುದು."

ಹತ್ತು ಕೆ.ಜಿ. ತೂಗಿಸಿಕೊಂಡೆ. ಹರಳು ಸ್ವಲ್ಪ ಕಂದು, ಒದ್ದೆ. ಗಾಡಿಯ ತಗಡಿಗೆ ಉಪ್ಪುಗಾಳಿಯೇ ವೈರಿ, ಅಂಥದ್ದರಲ್ಲಿ ಉಪ್ಪಿನ ಚೀಲವನ್ನೇ ಒಳಗೆ ಕರೆದುಕೊಂಡು ಬಂದಿದ್ದಕ್ಕೆ ಇವರು ಏನೂ ಅನ್ನಲಿಲ್ಲ. ಒಂದು ಪ್ಲಾಸ್ಟಿಕ್ ಬಕೆಟ್ ಖಾಲಿ ಮಾಡಿ ಅದರಲ್ಲಿ ಕೂರಿಸಿ, ಮೇಲೆ ಟವೆಲು ಹೊದಿಸಿದರು.

ಹಿರೇಗುತ್ತಿ ದಾಟಿ ಹೆದ್ದಾರಿಗುಂಟ ಮಿರ್ಜಾನ್. ಜಂಬಿಟ್ಟಿಗೆಯ ಕೋಟೆಯ ಮೇಲೆ ಹಸಿರು ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದಿದ್ದರು. ಘಟ್ಟದ ಮೆಣಸು ಹಡಗು ಹತ್ತುವ ಬಾಯಿಯಲ್ಲಿ ಆಕೆಗೆ ಇಂಥದ್ದೊಂದು ಕೋಟೆ ಬೇಕಿತ್ತು ಎಂಬುದು ಬುರುಜಿನ ಮೇಲೆ ನಿಂತರೆ ತಾನಾಗಿ ತಿಳಿಯುತ್ತದೆ. ದಿವಗಿಯ ಸೇತುವೆಯ ಕೆಳಗೆ ಹೊಳೆ ಇನ್ನೂ ಸಮುದ್ರದ ಅಗಲದಲ್ಲೇ ಇತ್ತು.

ಘಟ್ಟದ ರಸ್ತೆಗೆ ಇಲ್ಲೇ ತಿರುಗಬೇಕು. ಆದರೂ ಕುಮಟೆಗೆ ಹೋಗಿಬಂದೆವು, ಡೀಸೆಲ್ಲಿಗೂ ತಿಂಡಿಗೂ. ಗಾಡಿಯನ್ನು ಪೇಟೆಯ ಹೊರಗೇ ನಿಲ್ಲಿಸಿ ನಡೆದೆವು, ಈ ಎತ್ತರಕ್ಕೆ ಅಂಗಡಿಸಾಲಿನ ತಾಡಪಾಲು ಉಳಿಯುವುದಿಲ್ಲ. ಮೀನುಪೇಟೆಯಿಂದ ಬುಟ್ಟಿ ಹೊತ್ತು ಬಸ್ಸಿಗೆ ಓಡುವ ಹೆಂಗಸರು, ಮಲ್ಲಿಗೆ ಮಾಲೆ, ಹೋಟೆಲಿನಲ್ಲಿ ಬಿಸಿ ಬನ್ಸು. ಹೆದ್ದಾರಿ ಅಂಚಿನಲ್ಲಿ ಕುಮಟೆಯ ಸಿಹಿ ಈರುಳ್ಳಿ ಮಾರಾಟ ಶುರುವಾಗಿತ್ತು. ಎಲೆಸಮೇತ ಹೆರಳು ಹಾಕಿದಂತೆ ಹೆಣೆದು ತೂಗುಬಿಟ್ಟ ಗೊಂಚಲುಗಳು. ಹಸಿಯಾಗಿ ಕಚ್ಚಿದರೂ ಕಣ್ಣಲ್ಲಿ ನೀರು ಬಾರದು. ಒಂದು ಗೊಂಚಲು ಕೊಂಡು ಅಡುಗೆಕಟ್ಟೆಯ ಮೇಲೆ ತೂಗುಹಾಕಿದೆ. ಆಮೇಲೆ ದಿನವಿಡೀ ಪ್ರತಿ ತಿರುವಿನಲ್ಲೂ ಅದು ಆಚೆ ಈಚೆ ಜೀಕಿ, ಗಾಡಿ ಎಷ್ಟು ವಾಲಿತೆಂದು ನನಗೆ ಹೇಳುತ್ತಿತ್ತು.

ಕತಗಾಲದ ಹತ್ತಿರ ಸೆಕೆ ಬಲಿಯಿತು. ಘಟ್ಟದ ಬುಡದಲ್ಲಿ, ನಮ್ಮ ಬಲಗಡೆಗೆ ಕಾಡಿನಾಚೆ, ಹೊಳೆದಂಡೆಯಲ್ಲಿ ಉಪ್ಪಿನಪಟ್ಟಣ ಎಂಬ ಊರಿದೆ. ಹಿಂದೆ ಸಮುದ್ರದ ಕಡೆಯಿಂದ ದೋಣಿಗಳು ಏರಿಬರುತ್ತಿದ್ದುದು ಅಲ್ಲಿಯವರೆಗೆ. ಹೆಸರಿನಲ್ಲೇ ಸರಕಿದೆ. ಬಕೆಟ್ಟಿನ ಕಡೆ ನೋಡಿದೆ, ಟವೆಲು ಒದ್ದೆಯಾಗಿತ್ತು.

ದೇವಿಮನೆ ಘಟ್ಟವನ್ನು ನಾವು ಎರಡನೇ ಗೇರಿನಲ್ಲಿ ಹತ್ತಿದೆವು. ರಸ್ತೆ ಅಗಲ ಮಾಡಲು ಕಡಿದ ಗುಡ್ಡದ ಕೆಂಪು ಗಾಯ ಅಲ್ಲಲ್ಲಿ ಹಸಿಯಾಗಿಯೇ ಇದೆ. ಇದೇ ಜಿಲ್ಲೆಯ ಶಿರೂರಿನಲ್ಲಿ 2024ರ ಜುಲೈನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಮಣ್ಣಾದ ಮೇಲೆ, ನೇರ ಕಡಿದ ಮಣ್ಣಿನ ಗೋಡೆ ಕಂಡರೆ ನನಗೆ ಕುತ್ತಿಗೆ ಎತ್ತಿ ನೋಡುವುದಕ್ಕೂ ಭಯ. ಅರ್ಧ ದಾರಿಯಲ್ಲಿ ಎಂಜಿನ್ ಬಿಸಿಯ ಮುಳ್ಳು ಮೇಲೇರಿತು.

"ರೀ, ನಿಲ್ಲಿಸ್ರಿ ಇನ್ನ."

"ಇನ್ನೊಂದ ತಿರುವು, ದೇವಿ ಗುಡಿ ಬಂತು."

ಘಟ್ಟದ ತಲೆಯಲ್ಲಿ ದೇವಿಯ ಗುಡಿ. ಲಾರಿಯವರು ಇಳಿದು ಕೈಮುಗಿದು ಹೋಗುತ್ತಿದ್ದರು. ಬಾನೆಟ್ ಎತ್ತಿಟ್ಟು ನೆರಳಲ್ಲಿ ಕೂತೆವು. ಇಷ್ಟರಲ್ಲೇ ಗಾಳಿ ಬದಲಾಗಿತ್ತು. ಕೆಳಗಿನ ಜಿಗುಟು ಬೆವರು ಇಲ್ಲ, ಎಲೆ ಕೊಳೆತ ತಂಪು ವಾಸನೆ, ಯಾವುದೋ ಮರದ ಹೂವಿನ ಘಾಟು. ಅನ್ನಕ್ಕಿಟ್ಟೆ. ಸಮುದ್ರದ ಮಟ್ಟದಲ್ಲಿ ತುಂಬಿಕೊಂಡ ನೀರು ಘಟ್ಟದ ಮೇಲೆ ಕುದಿಯಿತು. ಸಿಹಿ ಈರುಳ್ಳಿ ಹೆಚ್ಚಿ, ಮೊಸರು ಕಲಸಿ, ಇಬ್ಬರೂ ಮೆಟ್ಟಿಲ ಮೇಲೆ ಕೂತು ಉಂಡೆವು.

ಅಮ್ಮಿನಳ್ಳಿಯಲ್ಲಿ ತಿರುಗಿ ಹೆಗ್ಗರಣೆಯ ಕಡೆಗೆ. ರಸ್ತೆ ಕಿರಿದು, ಎರಡೂ ಕಡೆ ಅಡಿಕೆ ತೋಟ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಪ್ರತಿ ಮನೆಯ ಅಂಗಳದಲ್ಲೂ ಚಾಲಿ ಅಡಿಕೆ ಒಣಹಾಕಿದ್ದರು. ನಾನು ಮುಂದೆ ನಡೆದು ಕೊಂಬೆಗಳನ್ನು ಕೋಲಿನಿಂದ ಎತ್ತಿ ಹಿಡಿಯುವುದು, ಇವರು ಕೆಳಗಿನಿಂದ ಗಾಡಿ ನುಸುಳಿಸುವುದು, ಹೀಗೆ ಕೊನೆಯ ದಾರಿ. ಮುಂದೆ ಕಾಲ್ನಡಿಗೆ. ಉಂಚಳ್ಳಿ ಜಲಪಾತಕ್ಕೆ ಈ ಕಡೆಯವರ ಹೆಸರು ಕೆಪ್ಪ ಜೋಗ. ಮಳೆಗಾಲದ ಅಬ್ಬರಕ್ಕೆ ಕಿವಿ ಕೆಪ್ಪಾಗುತ್ತದೆ ಎಂದು. 116 ಮೀಟರ್ ಎತ್ತರದಿಂದ ಬೀಳುವ ಅಘನಾಶಿನಿ ಮಾರ್ಚಿನಲ್ಲಿ ಕೆಪ್ಪ ಮಾಡುವುದಿಲ್ಲ, ಪಿಸುಗುಡುತ್ತದೆ. ಬಂಡೆಗೆ ಅಂಟಿಕೊಂಡು ಎರಡು ಮೂರು ಎಳೆಯಾಗಿ ಇಳಿದು, ಅರ್ಧಕ್ಕೆ ಬರುವಷ್ಟರಲ್ಲಿ ಗಾಳಿಗೆ ಹೊಗೆಯಾಗುತ್ತಿತ್ತು. ಬೆಳಿಗ್ಗೆ ಸಮುದ್ರದಗಲ ಕಂಡ ನೀರು ಇದೇ ಎಂದು ನಂಬುವುದಕ್ಕೆ ಇಬ್ಬರಿಗೂ ಹೊತ್ತು ಹಿಡಿಯಿತು. ಕಣಿವೆಯ ಆಚೆ ಸಿಂಗಳೀಕಗಳ ಕಾಡು. ಹಾದಿಯಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಬಾಟಲಿಗಳನ್ನು ಆರಿಸಿ ಚೀಲಕ್ಕೆ ತುಂಬಿದೆವು. ಗಾಡಿಯ ಕೊಳೆನೀರನ್ನೂ ನಾವು ಹೊಳೆಯ ಹತ್ತಿರ ಬಿಡುವುದಿಲ್ಲ, ಬೇರೆ ಟ್ಯಾಂಕಿನಲ್ಲಿ ಹೊತ್ತು ತಂದು, ಕೇಳಿಕೊಂಡು, ಯಾರದಾದರೂ ಬಚ್ಚಲಗುಂಡಿಗೆ ಬಿಡುತ್ತೇವೆ.

ಶಿರಸಿ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಮಾರಿಕಾಂಬೆಯ ಗುಡಿಯ ಕೆಂಪು ಗೋಡೆಗೆ ಹೊರಗಿನಿಂದಲೇ ಕೈಮುಗಿದು ಶಂಕರಹೊಂಡಕ್ಕೆ ಹೋದೆವು. ಹೊಳೆಯ ಒಂದು ಕವಲು ಮಂಜುಗುಣಿಯಿಂದ ಬರುತ್ತದೆ, ಇನ್ನೊಂದು ಹುಟ್ಟುವುದು ಇಲ್ಲಿ. ಮೆಟ್ಟಿಲಿಳಿದು ಒಂದು ಬೊಗಸೆ ನೀರೆತ್ತಿದೆ. ತಣ್ಣಗಿತ್ತು. ಇವರೂ ಬಾಗಿ ಕೈಯದ್ದಿ, ಮಾತಾಡದೆ ನಿಂತಿದ್ದರು.

ರಾತ್ರಿ ತಂಗಿದ್ದು ಶಿರಸಿಯಾಚೆ, ಇವರ ಹಳೆಯ ಸಹೋದ್ಯೋಗಿಯ ಅಕ್ಕನ ಮನೆಯ ಅಂಗಳದಲ್ಲಿ. ಎಂಜಿನ್ ಆರುವ ಮೊದಲೇ ಆಕೆ ಜಗುಲಿಗೆ ಬಂದಿದ್ದರು.

"ಬನ್ನಿ ಬನ್ನಿ. ಆಸ್ರಿಗೆ ಎಂತ ಬೇಕು?"

ತಂಬಿಗೆಯಲ್ಲಿ ನೀರು, ಬಟ್ಟಲಲ್ಲಿ ಬೆಲ್ಲ. ಟ್ಯಾಂಕಿನಲ್ಲಿ ತಳ ಕಾಣುತ್ತಿದೆ ಎಂದಾಗ, "ಗುಡ್ಡದ ಅಬ್ಬಿ ನೀರು, ಎಷ್ಟು ಬೇಕಾದ್ರೂ ತಗಳಿ" ಎಂದು ಪೈಪು ತೋರಿಸಿದರು. ಟ್ಯಾಂಕು ತುಂಬುವ ಸದ್ದು ಕೇಳುತ್ತ ಕೂತಾಗ ಒಳಗಿಂದ ಮಾವಿನ ಸೊನೆಯ ಪರಿಮಳ ಬಂತು. ಹೊಳೆಸಾಲಿನ ಮರದ ಅಪ್ಪೆಮಿಡಿ, ಅವತ್ತೇ ಕೊಯ್ದು ತಂದದ್ದು. ತೊಟ್ಟು ಉಳಿಸಿ, ಒಂದೊಂದನ್ನೇ ಒರೆಸಿ, ಬಿಳಿ ಪಂಚೆಯ ಮೇಲೆ ಹರವಿದ್ದರು. ಪಕ್ಕದಲ್ಲಿ ಖಾಲಿ ಭರಣಿ.

ನಾನು ಗಾಡಿಗೆ ಹೋಗಿ ಬಕೆಟ್ಟು ತಂದೆ. ಟವೆಲು ಸರಿಸಿ ಆಕೆ ಒಂದು ಹರಳು ಬಾಯಿಗಿಟ್ಟುಕೊಂಡರು.

"ಸಾಣಿಕಟ್ಟಾದ್ದಾ?"

"ಹೌದ್ರಿ, ಇವತ್ತು ಮುಂಜಾನೆ ಎಳದದ್ದು."

ಆಕೆ ಮತ್ತೇನೂ ಕೇಳಲಿಲ್ಲ. ಭರಣಿಯ ತಳಕ್ಕೆ ಒಂದು ಹಿಡಿ ಉಪ್ಪು ಹರಡಿ, ಮೇಲೆ ಒಂದು ಪದರ ಮಿಡಿ, ಮತ್ತೆ ಉಪ್ಪು. ಇವರು ದೀಪ ಹತ್ತಿರ ಹಿಡಿದರು. ನಾನು ಮಿಡಿ ಎತ್ತಿಕೊಡುತ್ತ ಹೋದೆ.