ಬ್ಲ್ಯಾಕ್‌ವಾಟರ್ ನದಿಯ ದಕ್ಷಿಣದ ತಿರುವು

ಐರ್ಲೆಂಡಿನ ದಕ್ಷಿಣ ಭಾಗದ ಮನ್‌ಸ್ಟರ್ ಪ್ರಾಂತದಲ್ಲಿ ಸುಮಾರು 169 ಕಿಲೋಮೀಟರ್ ಹರಿಯುವ ಬ್ಲ್ಯಾಕ್‌ವಾಟರ್ ನದಿಯು ಕೆರಿ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯನ್ನು ಹೋಲುವ ಆಡಳಿತ ವಿಭಾಗದ, ಬೆಟ್ಟಗಳಲ್ಲಿ ಹುಟ್ಟಿ, ಮೊದಲು ದಕ್ಷಿಣಕ್ಕಿಳಿದು ಕೆರಿ ಮತ್ತು ಕಾರ್ಕ್ ಕೌಂಟಿಗಳ ಗಡಿಯಾಗಿ, ಬಳಿಕ ಪೂರ್ವಕ್ಕೆ ಹೊರಳಿ ಹುಲ್ಲುಗಾವಲುಗಳ ನಡುವೆ ಮ್ಯಾಲೋ, ಫರ್ಮೋಯ್, ಲಿಸ್ಮೋರ್ ಊರುಗಳನ್ನು ಹಾದು ಕ್ಯಾಪೊಕ್ವಿನ್ ತಲುಪುತ್ತದೆ. ಅಲ್ಲಿಂದ ಪೂರ್ವದ ತಗ್ಗು ಕಣಿವೆಯಲ್ಲೇ ಮುಂದುವರಿದಿದ್ದರೆ ಸುಮಾರು 15 ಕಿಲೋಮೀಟರಿನಲ್ಲಿ ಡಂಗಾರ್ವನ್ ಬಳಿ ಸಮುದ್ರ ಸಿಗುತ್ತಿತ್ತು. ಆದರೆ ನದಿ ಆ ಸುಲಭದ ದಾರಿಯನ್ನು ಬಿಟ್ಟು, ಥಟ್ಟನೆ ದಕ್ಷಿಣಕ್ಕೆ ತಿರುಗಿ, ಗಟ್ಟಿಕಲ್ಲಿನ ಏಣುಗಳನ್ನು ಸೀಳಿಕೊಂಡು ಯೋಲ್ ಪಟ್ಟಣದ ಬಳಿ ಕಡಲು ಸೇರುತ್ತದೆ.

ಈ ವಿಚಿತ್ರವನ್ನು ಅರಿಯಲು ನೆಲದಡಿಯ ಕಲ್ಲನ್ನು ನೋಡಬೇಕು. ಇಲ್ಲಿ ಕೆಂಪು ಮರಳುಗಲ್ಲಿನ ಮೇಲೆ ಸುಣ್ಣಕಲ್ಲಿನ ಪದರಗಳಿದ್ದವು. ಸುಮಾರು 30 ಕೋಟಿ ವರ್ಷಗಳ ಹಿಂದೆ ಭೂಚಿಪ್ಪಿನ ಒತ್ತಡಕ್ಕೆ ಇವೆಲ್ಲ ಪೂರ್ವ-ಪಶ್ಚಿಮವಾಗಿ ಮಡಿಕೆಬಿದ್ದವು. ಮಡಿಕೆಗಳ ನೆತ್ತಿಯಲ್ಲಿದ್ದ ಸುಣ್ಣಕಲ್ಲು ಸವೆದುಹೋಗಿ ಮರಳುಗಲ್ಲು ಬೆಟ್ಟಸಾಲಾಗಿ ಉಳಿಯಿತು, ತಗ್ಗಿನಲ್ಲಿ ಉಳಿದ ಸುಣ್ಣಕಲ್ಲು ಮಳೆನೀರಿಗೆ ಕರಗುತ್ತ ಉದ್ದನೆಯ ಕಣಿವೆಗಳಾಯಿತು.

ಐರ್ಲೆಂಡಿನ ಭೂವೈಜ್ಞಾನಿಕ ಸರ್ವೇಕ್ಷಣೆಯ ಮುಖ್ಯಸ್ಥರಾಗಿದ್ದ ಜೋಸೆಫ್ ಬೀಟ್ ಜೂಕ್ಸ್ 1862ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಒಗಟಿಗೆ ಉತ್ತರ ಹುಡುಕಿದರು. ಅವರ ಪ್ರಕಾರ ದಕ್ಷಿಣಕ್ಕೆ ಹರಿಯುವ ತುಂಡೇ ಹಳೆಯದು: ನೆಲ ಇಂದಿಗಿಂತ ಬಹಳ ಎತ್ತರದಲ್ಲಿದ್ದಾಗ, ಕೆಳಗಿನ ಮಡಿಕೆಗಳು ಇನ್ನೂ ಬೆಟ್ಟ-ಕಣಿವೆಗಳಾಗಿ ತೆರೆದುಕೊಳ್ಳುವ ಮೊದಲೇ, ನೀರು ಆ ನೆಲದ ದಕ್ಷಿಣದ ಇಳಿಜಾರಿನಲ್ಲಿ ದಾರಿ ಹಿಡಿದಿತ್ತು, ನೆಲ ಸವೆದಂತೆಲ್ಲ ನದಿ ಅದೇ ಜಾಡಿನಲ್ಲಿ ಕೆಳಕ್ಕೆ ಕೊರೆಯುತ್ತ ಗಟ್ಟಿಕಲ್ಲನ್ನೂ ಕತ್ತರಿಸಿತು. ಪೂರ್ವ-ಪಶ್ಚಿಮದ ಉದ್ದ ಕಣಿವೆಯಾದರೋ, ಮೆದುವಾದ ಸುಣ್ಣಕಲ್ಲನ್ನು ಅನುಸರಿಸಿ ಹಿಮ್ಮುಖವಾಗಿ ಬೆಳೆದ ಉಪನದಿಯ ಕೆಲಸ. ಅಂದರೆ ನಕ್ಷೆಯಲ್ಲಿ ಮುಖ್ಯ ನದಿಯಂತೆ ಕಾಣುವ ಭಾಗವೇ ವಯಸ್ಸಿನಲ್ಲಿ ಕಿರಿಯದು. ನೆರೆಯ ಲೀ ನದಿಯೂ ಕಾರ್ಕ್ ಬಂದರಿನ ಬಳಿ ಹೀಗೆಯೇ ದಕ್ಷಿಣಕ್ಕೆ ತಿರುಗುವುದರಿಂದ, ಇದನ್ನು ಒಂದೇ ನದಿಯ ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ.

ಕ್ಯಾಪೊಕ್ವಿನ್‌ನಿಂದ ಕೆಳಗೆ ಬ್ಲ್ಯಾಕ್‌ವಾಟರ್‌ನಲ್ಲಿ ಸಮುದ್ರದ ಉಬ್ಬರವಿಳಿತವಿದೆ; ಪಶ್ಚಿಮದಿಂದ ಬ್ರೈಡ್ ಉಪನದಿ ಬಂದು ಕೂಡುವುದೂ ಇಲ್ಲಿಯೇ. ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಕಡಲಿನಿಂದ ಈ ಕಮರಿಯ ಮೂಲಕವೇ ಮೇಲಕ್ಕೆ ಹೋಗುತ್ತವೆ.

ಜೂಕ್ಸ್ ಊಹಿಸಿದ ಆ ಹಳೆಯ ನೆಲಮಟ್ಟದ ಸ್ವರೂಪದ ಬಗ್ಗೆ ಭೂವಿಜ್ಞಾನಿಗಳು ಮುಂದೆಯೂ ವಾದಿಸಿದ್ದಾರೆ. ಆದರೂ ನದಿಗಳು ತಮ್ಮ ಕಣಿವೆಗಳನ್ನು ತಾವೇ ಕೊರೆದುಕೊಳ್ಳುತ್ತವೆಂಬುದು ಇನ್ನೂ ವಿವಾದದಲ್ಲಿದ್ದ ಕಾಲದಲ್ಲಿ, ಅದನ್ನು ಒಂದು ಗ್ರಾಮೀಣ ನದಿಯ ತಿರುವಿನಿಂದ ತರ್ಕಬದ್ಧವಾಗಿ ಕಟ್ಟಿ ತೋರಿಸಿದ ಜೂಕ್ಸ್ ಅವರ ಪ್ರಬಂಧವು ಭೂರೂಪಶಾಸ್ತ್ರದ ಬುನಾದಿಯ ಬರಹಗಳಲ್ಲಿ ಒಂದು.