ಆಪರೇಷನ್ನಿನ ಭಯಕ್ಕೆ ಎಷ್ಟು ಮದ್ದು?

ಬೆಳಗಾದರೆ ಆಪರೇಷನ್ ಎಂದಾಗ ಹೆದರದವರು ಕಡಿಮೆ. ಭಯಕ್ಕೆ ಅಡ್ರಿನಲಿನ್ ಉಕ್ಕಿ ಎದೆಬಡಿತ, ರಕ್ತದೊತ್ತಡ ಏರುತ್ತವೆ. ಅದನ್ನು ತಗ್ಗಿಸಲೆಂದು ಅರಿವಳಿಕೆ ತಜ್ಞರು ಕೆಲವರಿಗೆ ಹಿಂದಿನ ರಾತ್ರಿ ಅಲ್ಪ್ರಜೋಲಾಮ್ ಮಾತ್ರೆಯನ್ನೋ ಥಿಯೇಟರಿಗೆ ಒಯ್ಯುವ ಮುನ್ನ ಮಿಡಜೋಲಾಮ್ ಇಂಜೆಕ್ಷನ್ನನ್ನೋ ಕೊಡುತ್ತಾರೆ.

ಎರಡೂ ಬೆಂಜೋಡಯಜೆಪಿನ್ ಗುಂಪಿನ ಔಷಧಗಳು. ನಮ್ಮ ಮಿದುಳಿನಲ್ಲಿ ನರಕೋಶಗಳ ಉದ್ರೇಕ ತಣಿಸುವ ಗಾಬಾ ಎಂಬ ರಾಸಾಯನಿಕವಿದೆ. ಅದು ನರಕೋಶದ ಗ್ರಾಹಕಕ್ಕೆ ಅಂಟಿದರೆ ಸೂಕ್ಷ್ಮ ದ್ವಾರವೊಂದು ತೆರೆದು ಕ್ಲೋರೈಡ್ ಅಯಾನುಗಳು ಒಳನುಗ್ಗುತ್ತವೆ. ಕೋಶ ಸುಲಭಕ್ಕೆ ಕೆರಳುವುದಿಲ್ಲ. ಮಿಡಜೋಲಾಮ್ ಈ ದ್ವಾರವನ್ನು ತಾನೇ ತೆರೆಯದು. ಗಾಬಾ ಅಂಟಿದಾಗ ಆ ದ್ವಾರ ಇನ್ನಷ್ಟು ಸಲ ತೆರೆಯುವಂತೆ ಮಾಡುತ್ತದೆ. ರಕ್ತನಾಳಕ್ಕೆ ಒಂದೆರಡು ಮಿಲಿಗ್ರಾಂ ಹೋದರೆ ಕೆಲವೇ ನಿಮಿಷಗಳಲ್ಲಿ ಬಿಗಿಹಿಡಿದ ಮುಷ್ಟಿ ಸಡಿಲವಾಗುತ್ತದೆ. ಹೆಸರು ಕೇಳಿದರೆ ರೋಗಿ ಹೇಳುತ್ತಾರೆ, ಕೈ ಚಾಚಿ ಎಂದರೆ ಚಾಚುತ್ತಾರೆ; ಆಮೇಲೆ ಇದ್ಯಾವುದೂ ನೆನಪಿರದಿರಬಹುದು. ಹೊಸ ನೆನಪು ಮೂಡುವುದನ್ನೂ ಈ ಔಷಧ ತಡೆಯುತ್ತದೆ.

ಅಮ್ಮನ ಸೆರಗು ಬಿಡದ ಮಗುವಿಗೆ ಇದು ನಿಜಕ್ಕೂ ವರ. ಕಹಿಯಾದ ಮಿಡಜೋಲಾಮನ್ನು ಸಿಹಿ ಸಿರಪ್ಪಿನಲ್ಲಿ ಬೆರೆಸಿ ಕುಡಿಸಿದರೆ 20–30 ನಿಮಿಷಗಳಲ್ಲಿ ಮಗು ಅಳದೆ ನರ್ಸಿನ ತೋಳಿಗೆ ಬರಬಹುದು.

ಹಾಗೆಂದು ಎಲ್ಲರಿಗೂ ಕೊಡಬೇಕಿಲ್ಲ. ಫ್ರಾನ್ಸಿನಲ್ಲಿ ಸಾವಿರಕ್ಕೂ ಹೆಚ್ಚು ವಯಸ್ಕ ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದೇ ಗುಂಪಿನ ಲೋರಜೆಪಾಮ್ ಮಾತ್ರೆ ರೋಗಿಗಳ ಸಮಾಧಾನವನ್ನು ಹೆಚ್ಚಿಸಲಿಲ್ಲ. ಬದಲಿಗೆ, ಗಂಟಲಿಗೆ ಇಳಿಸಿದ್ದ ಉಸಿರಾಟದ ಕೊಳವೆಯನ್ನು ಆಪರೇಷನ್ನಿನ ನಂತರ ತೆಗೆಯಲು ಏನೂ ಪಡೆಯದವರಲ್ಲಿ 12 ನಿಮಿಷ ಹಿಡಿದರೆ ಮಾತ್ರೆ ನುಂಗಿದವರಲ್ಲಿ 17 ನಿಮಿಷ ಹಿಡಿಯಿತು. ವಯಸ್ಸಾದವರಿಗೆ ಈ ಔಷಧಗಳಿಂದ ಆಪರೇಷನ್ನಿನ ನಂತರ ಬುದ್ಧಿಭ್ರಮೆ ಕಾಡಬಹುದು. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯಿದ್ದವರಿಗೆ ಉಸಿರಾಟವೇ ಕುಗ್ಗಬಹುದು.

ಹಾಗಾದರೆ ಭಯಕ್ಕೆ ಏನು ಮಾಡುವುದು? ಅಮೆರಿಕದಲ್ಲಿ 1963ರಷ್ಟು ಹಿಂದೆಯೇ ಇದನ್ನು ಪರೀಕ್ಷಿಸಿದ್ದರು. ನಿದ್ದೆ ಬರಿಸುವ ಪೆಂಟೋಬಾರ್ಬಿಟಾಲ್ ಪಡೆದವರು ತೂಕಡಿಸಿದರೇ ಹೊರತು ನೆಮ್ಮದಿಯಾಗಲಿಲ್ಲ. ಅರಿವಳಿಕೆ ವೈದ್ಯರು ಮುಂಚೆಯೇ ಭೇಟಿಯಾಗಿ, ನಡೆಯಲಿರುವುದನ್ನೆಲ್ಲ ಯಾರಿಗೆ ವಿವರಿಸಿದ್ದರೋ ಆ ರೋಗಿಗಳು ಹೆಚ್ಚು ಶಾಂತರಾಗಿದ್ದರು.

ಆದ್ದರಿಂದ ಆ ಭೇಟಿಯನ್ನು ಬರೀ ಸಹಿ ಹಾಕುವ ಶಾಸ್ತ್ರವಾಗಿಸಬೇಡಿ. ಗೊರಕೆ, ಕುಡಿತ, ದಿನವೂ ನುಂಗುವ ಮಾತ್ರೆ, ಯಾವುದನ್ನೂ ಮುಚ್ಚಿಡದೆ ಹೇಳಿ. ಭಯವಾಗುತ್ತಿದೆ ಎಂಬುದನ್ನೂ ಹೇಳಿ. ಮನೆಯಲ್ಲಿ ಯಾರದ್ದೋ ನಿದ್ದೆಮಾತ್ರೆಯನ್ನು ಮಾತ್ರ ನುಂಗಿಕೊಂಡು ಹೋಗಬೇಡಿ. ನಿಮಗೆ ಮದ್ದು ಬೇಕೋ, ಧೈರ್ಯದ ನಾಲ್ಕು ಮಾತು ಸಾಕೋ ಎಂದು ವೈದ್ಯರು ನಿರ್ಧರಿಸಬೇಕಾದರೆ ಅವರಿಗೆ ಇದೆಲ್ಲ ಗೊತ್ತಿರಬೇಕು.