ಬಿಲಿಯನೇರ್‌ಗಳೂ ಮೆಚ್ಚುವ ಎಡಪಂಥೀಯ: ಇಯಾನ್ ಬ್ಯಾಂಕ್ಸ್ ಕಾದಂಬರಿಗಳಲ್ಲಿ ನಿಮ್ಮಿಷ್ಟದ್ದು ಯಾವುದು?

ಇಯಾನ್ ಬ್ಯಾಂಕ್ಸ್ ಓದಿದ ಇಬ್ಬರು ಎಲ್ಲಾದರೂ ಸಿಕ್ಕರೆ ಮೊದಲು ಬರೋ ಪ್ರಶ್ನೆ ಒಂದೇ: ‘ನಿನ್ನ ಫೇವರಿಟ್ ಯಾವ್ದು?’ ಉತ್ತರ ಕೇಳಿದರೆ ಎದುರಿಗಿರುವವರು ಎಂಥವರು ಅಂತ ಅರ್ಧ ಗೊತ್ತಾಗಿಬಿಡುತ್ತೆ. ನಮ್ಮ ಗುಂಪಿನಲ್ಲಿ ನಾಲ್ಕು ಜನ ಓದಿದ್ದೀವಿ, ನಾಲ್ಕು ಉತ್ತರಗಳಿವೆ, ಜಗಳ ಇನ್ನೂ ಮುಗಿದಿಲ್ಲ. ಈ ಜಗಳದಲ್ಲಿ ನಾವು ಕರೆಯದಿದ್ದರೂ ಬಂದು ಕೂತವರೊಬ್ಬರಿದ್ದಾರೆ: ಎಲಾನ್ ಮಸ್ಕ್.

ತಮಾಷೆಯಲ್ಲ. ಸ್ಪೇಸ್‌ಎಕ್ಸ್ ರಾಕೆಟ್‌ಗಳು ಸಮುದ್ರದ ಮೇಲೆ ಬಂದಿಳಿಯುವ ತೇಲುವ ವೇದಿಕೆಗಳಿವೆಯಲ್ಲ, ಅವುಗಳಲ್ಲಿ ಎರಡರ ಹೆಸರು ‘ಜಸ್ಟ್ ರೀಡ್ ದಿ ಇನ್‌ಸ್ಟ್ರಕ್ಷನ್ಸ್’ ಮತ್ತು ‘ಆಫ್ ಕೋರ್ಸ್ ಐ ಸ್ಟಿಲ್ ಲವ್ ಯೂ’. ಎರಡೂ ಬ್ಯಾಂಕ್ಸ್ ಅವರ ‘ದಿ ಪ್ಲೇಯರ್ ಆಫ್ ಗೇಮ್ಸ್’ (1988) ಕಾದಂಬರಿಯ ಬಾಹ್ಯಾಕಾಶ ನೌಕೆಗಳ ಹೆಸರುಗಳು. ತಾನು ಬ್ಯಾಂಕ್ಸ್ ವರ್ಣಿಸಿದ ಬಗೆಯ ಆದರ್ಶವಾದಿ ಅರಾಜಕತಾವಾದಿ ಅಂತ 2018ರಲ್ಲಿ ಮಸ್ಕ್ ಟ್ವೀಟ್ ಬೇರೆ ಮಾಡಿದ್ದರು. ಮಾರ್ಕ್ ಜುಕರ್‌ಬರ್ಗ್ 2015ರಲ್ಲಿ ಜನರಿಗೆ ಓದಲು ಸೂಚಿಸಿದ ಪುಸ್ತಕಗಳಲ್ಲೂ ಇದೇ ಕಾದಂಬರಿ ಇತ್ತು. ಅಮೆಜಾನ್ 2018ರಲ್ಲಿ ‘ಕನ್ಸಿಡರ್ ಫ್ಲೀಬಸ್’ ಅನ್ನು ಸೀರೀಸ್ ಮಾಡುವುದಾಗಿ ಘೋಷಿಸಿತು, ಜೆಫ್ ಬೆಜೋಸ್ ಅದು ತಮ್ಮ ಅಚ್ಚುಮೆಚ್ಚಿನ ಕೃತಿ ಅಂದರು. 2020ರ ಹೊತ್ತಿಗೆ ಆ ಯೋಜನೆ ಕೈಬಿಟ್ಟುಹೋಯಿತು.

ಈಗ ಈ ಲೇಖಕ ಯಾರು ಅಂತ ನೋಡಿ. ಸ್ಕಾಟ್ಲೆಂಡಿನ ಡನ್ಫರ್ಮ್‌ಲಿನ್‌ನಲ್ಲಿ 1954ರಲ್ಲಿ ಹುಟ್ಟಿದವರು. ಸಮಾಜವಾದಿ, ನಾಸ್ತಿಕ, ಸ್ಕಾಟ್ಲೆಂಡಿನ ಸ್ವಾತಂತ್ರ್ಯದ ಪರ. 2003ರಲ್ಲಿ ಇರಾಕ್ ಮೇಲಿನ ದಾಳಿಯನ್ನು ವಿರೋಧಿಸಿ ತಮ್ಮ ಪಾಸ್‌ಪೋರ್ಟ್ ಹರಿದು ಪ್ರಧಾನಿ ಟೋನಿ ಬ್ಲೇರ್ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದವರು. ಇಂಥವರ ಪುಸ್ತಕ ಜಗತ್ತಿನ ಅತಿ ಶ್ರೀಮಂತರಿಗೆ ಯಾಕಿಷ್ಟ? ಅವರು ಓದಿದ್ದು ಮತ್ತು ನಾವು ಓದಿದ್ದು ಒಂದೇ ಪುಸ್ತಕವಾ?

ಓದದವರಿಗಾಗಿ ಸ್ವಲ್ಪ ಹಿನ್ನೆಲೆ. ಬ್ಯಾಂಕ್ಸ್ ಎರಡು ಹೆಸರಲ್ಲಿ ಬರೆದರು. ‘ಇಯಾನ್ ಬ್ಯಾಂಕ್ಸ್’ ಅಂದರೆ ಸಾಮಾಜಿಕ ಕಾದಂಬರಿಗಳು, ‘ಇಯಾನ್ ಎಂ. ಬ್ಯಾಂಕ್ಸ್’ ಅಂದರೆ ವೈಜ್ಞಾನಿಕ ಕಾದಂಬರಿಗಳು. ಎಂ ಅಂದರೆ ಮೆಂಜೀಸ್, ಮನೆತನದಲ್ಲಿ ಇದ್ದ ಹೆಸರು. (ಮೊದಲ ಪುಸ್ತಕದಲ್ಲೇ ಆ ಎಂ ಹಾಕಬೇಕು ಅಂತಿದ್ದರಂತೆ. ವುಡ್‌ಹೌಸ್ ಕಥೆಗಳಲ್ಲಿ ರೋಸಿ ಎಂ. ಬ್ಯಾಂಕ್ಸ್ ಅನ್ನೋ ಪ್ರೇಮ ಕಾದಂಬರಿಗಾರ್ತಿ ಇದ್ದಾಳೆ, ಗೊಂದಲ ಆಗುತ್ತೆ ಅಂತ ಪ್ರಕಾಶಕರು ತೆಗೆಸಿದರಂತೆ.) ಸಾಮಾಜಿಕ ಕಾದಂಬರಿಗೆ ಗಂಭೀರ ವಿಮರ್ಶೆ, ವೈಜ್ಞಾನಿಕ ಕಾದಂಬರಿಗೆ ಮೂಲೆಯ ಕಪಾಟು ಅನ್ನೋ ವಿಭಜನೆ ಇಂಗ್ಲಿಷಿನಲ್ಲೂ ಇದೆ. ಬ್ಯಾಂಕ್ಸ್ ಮಾತ್ರ ಎರಡನ್ನೂ ಒಂದೇ ಮರ್ಯಾದೆಯಿಂದ ಬರೆದರು.

ಮೊದಲ ಕಾದಂಬರಿ ‘ದಿ ವಾಸ್ಪ್ ಫ್ಯಾಕ್ಟರಿ’ (1984). ಒಂದು ಪುಟ್ಟ ದ್ವೀಪದಲ್ಲಿ ಅಪ್ಪನ ಜೊತೆ ಬದುಕೋ ಹದಿಹರೆಯದ ಫ್ರಾಂಕ್, ತಾನು ಮಾಡಿದ ಕೊಲೆಗಳನ್ನು ತಣ್ಣಗೆ ಹೇಳುತ್ತಾ ಹೋಗುವ ಕಥೆ. ವಿಮರ್ಶಕರಲ್ಲಿ ಕೆಲವರು ಉಗಿದರು, ಪೇಪರ್‌ಬ್ಯಾಕ್‌ನಲ್ಲಿ ಹೊಗಳಿಕೆಯ ಜೊತೆ ಆ ಉಗಿತವನ್ನೂ ಅಚ್ಚು ಹಾಕಲಾಯಿತು! ನಮ್ಮ ಗುಂಪಿನಲ್ಲಿ ಒಬ್ಬಳ ಆಯ್ಕೆ ಇದೇ. ಗಂಡಸುತನ ಅನ್ನೋದನ್ನು ಹೇಗೆ ಮನೆಯಲ್ಲೇ ತಯಾರು ಮಾಡ್ತಾರೆ ಅಂತ ಇಷ್ಟು ಕ್ರೂರವಾಗಿ ಯಾರೂ ಬರೆದಿಲ್ಲ ಅಂತಾಳೆ. ಕೊನೆ ಹೇಳಲ್ಲ, ಹೇಳಿದರೆ ಓದೋದೇ ದಂಡ.

ಇನ್ನೊಬ್ಬನದು ‘ದಿ ಕ್ರೋ ರೋಡ್’ (1992). ಶವಸಂಸ್ಕಾರದ ವೇಳೆ ಅಜ್ಜಿಯ ಎದೆಯಲ್ಲೇ ಬಿಟ್ಟಿದ್ದ ಪೇಸ್‌ಮೇಕರ್ ಸಿಡಿಯುವುದರಿಂದ ಶುರುವಾಗೋ ಕುಟುಂಬದ ಕಥೆ. ದೇವರನ್ನು ನಂಬದ ಅಪ್ಪ, ಅವನೊಡನೆ ಮಾತು ಬಿಟ್ಟ ಮಗ, ಕಾಣೆಯಾದ ಚಿಕ್ಕಪ್ಪ. ವೈಜ್ಞಾನಿಕ ಕಥೆ ಆಗಲ್ಲ ಅನ್ನೋರಿಗೆ ನಾನು ಮೊದಲು ಕೊಡೋದು ಇದನ್ನೇ. ಪತ್ರಿಕೋದ್ಯಮದಲ್ಲಿರುವವರು ‘ಕಂಪ್ಲಿಸಿಟಿ’ (1993) ಹಿಡಿಯಬಹುದು: ಥ್ಯಾಚರ್ ಕಾಲದ ಲಾಭಕೋರರನ್ನು ಒಬ್ಬೊಬ್ಬರನ್ನಾಗಿ ಯಾರೋ ಶಿಕ್ಷಿಸುತ್ತಿರುತ್ತಾನೆ. ಅವರ ಬಗ್ಗೆ ಕಿಡಿಕಾರಿ ಬರೆದ ಪತ್ರಕರ್ತನ ಮೇಲೇ ಅನುಮಾನ ಬರುತ್ತೆ.

ಆದರೆ ನಿಜವಾದ ಜಗಳ ಇರೋದು ‘ಕಲ್ಚರ್’ ಸರಣಿಯ ಬಗ್ಗೆ. ಕಲ್ಚರ್ ಅಂದರೆ ಅಂತರಿಕ್ಷದಲ್ಲಿ ಹರಡಿಕೊಂಡಿರುವ ಒಂದು ಸಮಾಜ. ಅಲ್ಲಿ ದುಡ್ಡಿಲ್ಲ, ಖಾಸಗಿ ಆಸ್ತಿಗೆ ಅರ್ಥವಿಲ್ಲ, ಹೇಳಿಕೊಳ್ಳುವಂಥ ಕಾನೂನಿಲ್ಲ. ಹೊಟ್ಟೆಪಾಡಿಗೆ ದುಡಿಯಬೇಕಾಗಿಲ್ಲ. ಬೇಕೆನಿಸಿದರೆ ಗಂಡು ಹೆಣ್ಣಾಗಬಹುದು, ಹೆಣ್ಣು ಗಂಡಾಗಬಹುದು. ಆಡಳಿತದ ತಲೆನೋವೆಲ್ಲ ‘ಮೈಂಡ್’ ಎನ್ನುವ ಮಹಾ ಬುದ್ಧಿವಂತ ಯಂತ್ರಗಳದ್ದು. ಆ ಯಂತ್ರಗಳು ಯಾರ ಸ್ವತ್ತೂ ಅಲ್ಲ, ಅವೂ ಪ್ರಜೆಗಳೇ. ಮಸ್ಕ್‌ಗೆ ಕಂಡಿದ್ದು ನೌಕೆ ಮತ್ತು ಎಐ, ಕಾಣದೇ ಹೋಗಿದ್ದು ಈ ಕೊನೆಯ ವಾಕ್ಯ ಅನ್ನೋದು ನನ್ನ ಅನುಮಾನ. ಕಲ್ಚರ್‌ನಲ್ಲಿ ಶೇರುದಾರರಿಲ್ಲ.

ಅನುಮಾನ ಇದ್ದರೆ ‘ಸರ್ಫೇಸ್ ಡೀಟೇಲ್’ (2010) ಓದಿ. ಅದರ ಖಳನಾಯಕ ವೆಪರ್ಸ್ ತನ್ನ ನಾಗರಿಕತೆಯಲ್ಲೇ ಅತಿ ಶ್ರೀಮಂತ ಉದ್ಯಮಿ. ನಾಯಕಿ ಲೆಡೆಜೆ ಅವನ ಜೀತದಾಳು. ಅಪ್ಪ ಮಾಡಿದ ಸಾಲಕ್ಕೆ ಅವಳು ಹುಟ್ಟುವ ಮೊದಲೇ ಅಡವಾಗಿದ್ದಾಳೆ, ಆ ಒಡೆತನದ ಗುರುತು ಹಚ್ಚೆಯಾಗಿ ಅವಳ ಮೈಮೇಲಷ್ಟೇ ಅಲ್ಲ, ಒಳಗಿನ ಜೀವಕೋಶಗಳಲ್ಲೂ ಇಳಿದಿದೆ. ಸಾಲ, ಜೀತ, ತಲೆಮಾರು ದಾಟುವ ಗುಲಾಮಗಿರಿ: ನಮ್ಮ ಊರುಗಳಲ್ಲಿ ಇದನ್ನು ಅರ್ಥ ಮಾಡಿಕೊಳ್ಳೋಕೆ ವೈಜ್ಞಾನಿಕ ಕಥೆಯೇ ಬೇಕಾಗಿಲ್ಲ ಬಿಡಿ. ಈ ಪುಸ್ತಕ ನನ್ನ ಫೇವರಿಟ್ ಪಟ್ಟಿಯಲ್ಲಿ ಎರಡನೆಯದು.

‘ದಿ ಪ್ಲೇಯರ್ ಆಫ್ ಗೇಮ್ಸ್’ ಕೂಡ ಹಾಗೇ. ಕಲ್ಚರ್‌ನ ಹೆಸರಾಂತ ಆಟಗಾರ ಗುರ್ಗೆ, ಬೇಸರ ಹತ್ತಿ ಕೂತಿರುವಾಗ, ಆಜಾದ್ ಎಂಬ ಸಾಮ್ರಾಜ್ಯಕ್ಕೆ ಹೋಗಬೇಕಾಗುತ್ತೆ. ಅಲ್ಲಿ ಒಂದು ಆಟವಿದೆ, ಹೆಸರು ಅದೇ, ಆಜಾದ್. ಅದರಲ್ಲಿ ಗೆದ್ದಷ್ಟು ಹುದ್ದೆ, ಪೂರ್ತಿ ಗೆದ್ದವನೇ ಚಕ್ರವರ್ತಿ. ಕಾಗದದ ಮೇಲೆ ಯಾರು ಬೇಕಾದರೂ ಆಡಬಹುದು. ಆದರೆ ಆ ಜನರಲ್ಲಿರುವ ಮೂರು ಲಿಂಗಗಳಲ್ಲಿ ಒಂದರವರೇ ತರಬೇತಿಯನ್ನೂ ಪೀಠವನ್ನೂ ಹಿಡಿದುಕೊಂಡಿದ್ದಾರೆ, ಗೆಲ್ಲೋದೂ ಅವರೇ. ಸೋತವರಿಗೆ ಹೇಳೋ ಮಾತು: ಆಟ ಎಲ್ಲರಿಗೂ ಒಂದೇ ಅಲ್ವಾ? ‘ಮೆರಿಟ್’ ಅಂತ ಮೂರು ಹೊತ್ತೂ ಬಡಿದುಕೊಳ್ಳುವವರ ಜೊತೆ ವಾದ ಮಾಡಿ ಸುಸ್ತಾದಾಗ ನನಗೆ ನೆನಪಾಗೋದು ಈ ಕಾದಂಬರಿ. ಮೊದಲ ಸಲ ಬ್ಯಾಂಕ್ಸ್ ಓದೋರು ಇಲ್ಲಿಂದ ಶುರು ಮಾಡಿ. ಪ್ರಕಟಣೆಯ ಕ್ರಮದಲ್ಲಿ ಮೊದಲು ಬಂದ ‘ಕನ್ಸಿಡರ್ ಫ್ಲೀಬಸ್’ (1987) ಕಲ್ಚರ್‌ನ ಶತ್ರುವಿನ ಕಣ್ಣಿಂದ ಹೇಳಿದ್ದು, ಐಡಿಯಾ ಚೆನ್ನಾಗಿದೆ, ಆದರೆ ಉದ್ದ ಜಾಸ್ತಿ. ನಾಲ್ವರಲ್ಲಿ ಮೂರನೆಯವನ ಆಯ್ಕೆ ‘ಯೂಸ್ ಆಫ್ ವೆಪನ್ಸ್’ (1990). ಒಂದು ಕಥೆ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ನಡೆಯುತ್ತೆ. ಕಲ್ಚರ್ ತನ್ನ ಕೊಳಕು ಕೆಲಸಗಳನ್ನು ಯಾರ ಕೈಲಿ ಮಾಡಿಸುತ್ತೆ ಅನ್ನೋದು ಅದರಲ್ಲಿದೆ.

ನನ್ನದು ‘ಲುಕ್ ಟು ವಿಂಡ್‌ವರ್ಡ್’ (2000). ಕೊಲ್ಲಿ ಯುದ್ಧದ ಮಾಜಿ ಸೈನಿಕರಿಗೆ ಅರ್ಪಿಸಿದ ಪುಸ್ತಕ. ಅದರಲ್ಲಿ ಚೆಲ್ಗ್ರಿಯನ್ನರು ಅಂತ ಒಂದು ಸಮಾಜ ಬರುತ್ತೆ. ಅವರಲ್ಲಿ ಜಾತಿ ಪದ್ಧತಿಯಿದೆ. ಹೌದು, ಜಾತಿಯೇ, ಬ್ಯಾಂಕ್ಸ್ ಬಳಸಿದ ಪದವೂ ಅದೇ. ಸಮಾನತೆಯನ್ನು ನಂಬುವ ಕಲ್ಚರ್, ಈ ಅನ್ಯಾಯ ಕೊನೆಗಾಣಿಸೋಣ ಅಂತ ಅವರ ರಾಜಕೀಯದಲ್ಲಿ ಗುಟ್ಟಾಗಿ ಕೈಯಾಡಿಸಿ ಸಮಾನತಾವಾದಿ ನಾಯಕನನ್ನು ಮೇಲೆ ತರುತ್ತೆ. ಲೆಕ್ಕ ತಪ್ಪುತ್ತೆ. ಅಂತರ್ಯುದ್ಧದಲ್ಲಿ ಶತಕೋಟಿಗಟ್ಟಲೆ ಜನ ಸಾಯ್ತಾರೆ. ಕಲ್ಚರ್ ತಪ್ಪೊಪ್ಪಿಕೊಂಡು ಕ್ಷಮೆ ಕೇಳುತ್ತೆ. ಆ ಯುದ್ಧದಲ್ಲಿ ಹೆಂಡತಿಯನ್ನು ಕಳೆದುಕೊಂಡ ಕ್ವಿಲನ್ ಸೇಡಿನ ಕೆಲಸ ಹೊತ್ತು ಕಲ್ಚರ್‌ನ ನೆಲಕ್ಕೆ ಬರ್ತಾನೆ. ಅಲ್ಲೇ ಇನ್ನೊಬ್ಬ ಚೆಲ್ಗ್ರಿಯನ್ ಇದ್ದಾನೆ: ಜಾತಿಯನ್ನು ಧಿಕ್ಕರಿಸಿ ದೇಶ ಬಿಟ್ಟ ಸಂಗೀತಗಾರ ಜಿಲ್ಲರ್.

ಹೊರಗಿನವರು ಗುಟ್ಟಾಗಿ ತಂದುಕೊಟ್ಟ ಸಮಾನತೆ ನಿಲ್ಲುತ್ತಾ? ಪುಸ್ತಕ ಬಂದ ಮೂರು ವರ್ಷಕ್ಕೆ ಇರಾಕ್ ನಡೆದುಹೋಯಿತು. ಆದರೂ ನನಗೊಂದು ತಕರಾರು ಇದೆ, ಇದನ್ನು ಮೂರು ಸಲ ಓದಿದ ಮೇಲೂ ಹೋಗಿಲ್ಲ. ಜಾತಿ ಬಗ್ಗೆ ಇಷ್ಟೆಲ್ಲ ಬರೆದವರು ಕಥೆಯ ಭಾರವನ್ನು ಕೊಟ್ಟಿದ್ದು ಮೇಲಿನ ಜಾತಿಯವರಿಗೇ. ಕ್ವಿಲನ್ ದುಃಖ ನಮ್ಮನ್ನು ಅಲ್ಲಾಡಿಸುತ್ತೆ, ಜಿಲ್ಲರ್ ಜಾತಿ ಬಿಟ್ಟಿದ್ದು ಮೆಚ್ಚಿಗೆಯಾಗುತ್ತೆ. ಬಿಡೋಕೆ ಆಗದ ಜಾತಿಯಲ್ಲಿ ಹುಟ್ಟಿದವರು ಆ ಯುದ್ಧದಲ್ಲಿ ಏನು ಕಂಡರು? ಅವರ ಅಧ್ಯಾಯ ಇಲ್ಲ. ಸ್ಕಾಟ್ಲೆಂಡಿನಲ್ಲಿ ಕೂತು ಬರೆದವರಿಗೆ ಅದು ಹೊಳೆಯಲಿಲ್ಲ ಅನ್ನಬಹುದು. ನಮ್ಮ ಓದುಗರಿಗೆ ಹೊಳೆಯದೇ ಇರಲ್ಲ. ನಾವು ಈ ಪುಸ್ತಕದ ಬಗ್ಗೆ ಜಗಳ ಆಡೋದು ಬಹುಪಾಲು ಇದೇ ಜಾಗದಲ್ಲಿ.

ತಮಗೆ ಪಿತ್ತಕೋಶದ ಕ್ಯಾನ್ಸರ್ ಇದೆ, ಹೆಚ್ಚು ದಿನ ಇಲ್ಲ ಅಂತ ಬ್ಯಾಂಕ್ಸ್ 2013ರ ಏಪ್ರಿಲ್‌ನಲ್ಲಿ ತಿಳಿಸಿದರು. ಜೊತೆಗಾರ್ತಿಯನ್ನು, ನನ್ನ ವಿಧವೆಯಾಗ್ತೀಯಾ ಅಂತ ಕೇಳಿದ್ದೇನೆ ಅಂದಿದ್ದರು, ಹಾಸ್ಯ ಅಲ್ಲೂ ಬಿಡಲಿಲ್ಲ. ಓದುಗರು ಹಿಂಡುಹಿಂಡಾಗಿ ತಮಗಿಷ್ಟವಾದ ಪುಸ್ತಕ ಯಾವುದು ಅಂತ ಅವರಿಗೆ ಬರೆದರು, ಅವರು ಬದುಕಿರುವಾಗಲೇ. ಜೂನ್ 9ರಂದು ತೀರಿಕೊಂಡರು. ಕೊನೆಯ ಕಾದಂಬರಿ ‘ದಿ ಕ್ವಾರಿ’ ಅದೇ ತಿಂಗಳು ಬಂತು. ಅದು ಕ್ಯಾನ್ಸರ್‌ನಿಂದ ಸಾಯುತ್ತಿರುವ ಒಬ್ಬನ ಕಥೆ. ಬಹುಪಾಲು ಬರೆದಾದ ಮೇಲೆಯೇ ಅವರಿಗೆ ತಮ್ಮ ಕಾಯಿಲೆ ಗೊತ್ತಾಗಿದ್ದು.

ನಾನು ಅದನ್ನಿನ್ನೂ ಓದಿಲ್ಲ. ಕಪಾಟಿನಲ್ಲಿದೆ. ಅದು ಮುಗಿದರೆ ಓದೋಕೆ ಹೊಸ ಬ್ಯಾಂಕ್ಸ್ ಕಾದಂಬರಿ ಉಳಿಯಲ್ಲ ಅಂತ ಮುಂದೂಡ್ತಾ ಇದ್ದೀನಿ.